ಎಲ್ಲಿಗೆ ಎಂದು ಕೇಳಬಾರದು

ಈ ಲೋಕದಲ್ಲಿ ‘ಎಲ್ಲಿಗೆ?’ ಎಂದು ಕೇಳುವ ಹಕ್ಕು ಬಸ್ ಕಂಡಕ್ಟರಿಗೆ ಮಾತ್ರ ಉಂಟು ಎಂಬುದು ನನ್ನ ಅಮ್ಮನ ತೀರ್ಮಾನ. ಅದೂ ಅವನ ಹೊಟ್ಟೆಪಾಡಿನ ವಿಷಯವಾಯಿತಲ್ಲ, ಏನು ಮಾಡುವುದು ಎಂದು ಕರುಣೆಯಿಂದ ಬಿಟ್ಟುಕೊಟ್ಟ ಹಕ್ಕು. ಉಳಿದವರು ಯಾರೇ ಆಗಲಿ, ಹೊರಟು ನಿಂತವರನ್ನು ಹಾಗೆ ಕೇಳಬಾರದು. ಕೇಳಿದರೆ ಹೋದ ಕೆಲಸ ಆಗುವುದಿಲ್ಲ. ಕೇಳದೆ ಇರಲಾರೆ ಎಂದು ನಾಲಗೆ ತುರಿಸಿದರೆ ‘ದೂರವಾ?’ ಎನ್ನಬಹುದು. ಅದಕ್ಕೆ ಹೊರಟವರು ‘ಇಲ್ಲೇ ಹೀಗೆ’ ಎಂದು ಕೈ ಬೀಸಿ ಮುಂದೆ ಹೋಗಬೇಕು. ಮೂಲೆಯ ಅಂಗಡಿಗೆ ಬೆಲ್ಲಕ್ಕೆ ಹೋಗುವವರೂ ಇಲ್ಲೇ ಹೀಗೆ, ಮಸ್ಕತ್ತಿಗೆ ಹೋಗುವವರೂ ಇಲ್ಲೇ ಹೀಗೆ. ಬಂಟ್ವಾಳ ಪೇಟೆಯ ಬೀದಿಯಲ್ಲಿ ಬೆಳೆದ ನನಗೆ ಪ್ರಪಂಚದ ಊರುಗಳೆಲ್ಲ ಹಾಗೆ ಕೈ ಬೀಸುವಷ್ಟು ದೂರದಲ್ಲಿ, ನೇತ್ರಾವತಿಯ ಆಚೆ ದಡದ ಮಂಜಿನಲ್ಲಿ ಎಲ್ಲೋ ಇವೆ ಎಂದೇ ತುಂಬ ಕಾಲ ಅನಿಸುತ್ತಿತ್ತು.

ಕಂಡಕ್ಟರನ ಮೇಲೂ ಅಮ್ಮನಿಗೆ ಪೂರ್ತಿ ನಂಬಿಕೆ ಇರಲಿಲ್ಲ ಅನ್ನಿ. ಮುಖ್ಯವಾದ ಕೆಲಸಕ್ಕೆ ಹೊರಟ ದಿನ ಅವಳು ಸರಿಯಾದ ಚಿಲ್ಲರೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಅವನು ಬಾಯಿ ತೆರೆಯುವ ಮೊದಲೇ ಕೈಗೆ ತುರುಕಿ, ಕಿಟಕಿಯ ಹೊರಗೆ ನೋಡುತ್ತ ಕೂತುಬಿಡುತ್ತಿದ್ದಳು. ನಮ್ಮ ರೂಟಿನ ಕಂಡಕ್ಟರುಗಳು ಜಾಣರು. ಚಿಲ್ಲರೆ ನೋಡಿಯೇ ಊರು ಹೇಳುತ್ತಿದ್ದರು.

ಇದೆಲ್ಲ ಈಗ ಯಾಕೆ ನೆನಪಾಯಿತು ಎಂದರೆ, ಮೊನ್ನೆ ಹಳೆಯ ಪರ್ಸಿನ ಒಳಪದರದಿಂದ ನನ್ನದೇ ಒಂದು ಸಣ್ಣ ಫೋಟೊ ಜಾರಿ ಬಿತ್ತು. ಹಿಂದೆ ಬಿಳಿ ಗೋಡೆ, ಎಳೆದು ಕಟ್ಟಿದ ಕೂದಲು, ಎರಡೂ ಕಿವಿ ಹೊರಗೆ, ಮುಖದಲ್ಲಿ ನಗೆಯ ಸುಳಿವೂ ಇಲ್ಲ. ಏನೋ ಕದ್ದು ಸಿಕ್ಕಿಬಿದ್ದವಳ ಹಾಗೆ ಕಾಣುತ್ತೇನೆ. ವೀಸಾಕ್ಕೆಂದು ತೆಗೆಸಿದ ಫೋಟೊ ಅದು. ಬಂಟ್ವಾಳದಲ್ಲಿ ಸ್ಟುಡಿಯೊಗಳಿಗೆ ಬರವಿಲ್ಲದಿದ್ದರೂ ಅದನ್ನು ತೆಗೆಸಿದ್ದು ಬೆಳ್ತಂಗಡಿಯಲ್ಲಿ. ಬಂಟ್ವಾಳದಲ್ಲಿ ತೆಗೆಸಿದರೆ ಪೇಟೆಗೆಲ್ಲ ಗೊತ್ತಾಗುತ್ತದೆ ಎಂದು ಅಮ್ಮನ ಅಪ್ಪಣೆಯಾಗಿತ್ತು.

ನಾನು ಆಗ ಉಜಿರೆಯ ಒಂದು ಕಾಲೇಜಿನಲ್ಲಿ ತಾತ್ಕಾಲಿಕ ಉಪನ್ಯಾಸಕಿ. ವಾರವಿಡೀ ಅಲ್ಲೇ ಬಾಡಿಗೆ ಕೋಣೆ, ವಾರದ ಕೊನೆಗೆ ಬಂಟ್ವಾಳದ ಮನೆ. ಹಾಲೆಂಡಿನ ಒಂದು ವಿಶ್ವವಿದ್ಯಾನಿಲಯದಲ್ಲಿ ನದಿ ಮತ್ತು ನೆರೆಯ ಬಗ್ಗೆ ಓದಲು ನನಗೆ ಸೀಟು ಸಿಕ್ಕಿತ್ತು. ಆದರೆ ಬೆಂಗಳೂರಿನ ಒಂದು ಟ್ರಸ್ಟು ಕೊಡುವ ವಿದ್ಯಾರ್ಥಿವೇತನ ಬಂದರೆ ಮಾತ್ರ ಹೋಗುವುದು. ಇಲ್ಲದಿದ್ದರೆ ಆ ಸೀಟು ಬರೇ ಒಂದು ಈಮೇಲ್. ವಿದ್ಯಾರ್ಥಿವೇತನ ಬಂದ ಮೇಲೆ ವೀಸಾ ಬರಬೇಕು. ವೀಸಾ ಬಂದ ಮೇಲೆ ವಿಮಾನ. ಅಮ್ಮ ಹೇಳಿದ್ದು ಒಂದೇ ಮಾತು: ‘ವೀಸಾ ಬರುವ ತನಕ ಒಂದು ನರಪಿಳ್ಳೆಗೂ ಗೊತ್ತಾಗಬಾರದು.’

ಬೆಳ್ತಂಗಡಿಯ ಸ್ಟುಡಿಯೊದವರು ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಗಲ್ಲವನ್ನು ಒಂದು ಬೆರಳಿನಿಂದ ಎತ್ತಿ, ‘ಯಾವ ದೇಶ?’ ಎಂದು ಕೇಳಿದರು.

‘ದೇಶ ಎಂತದ್ದೂ ಇಲ್ಲ. ಒಂದು ಐಡಿ ಕಾರ್ಡಿಗೆ.’

‘ಐಡಿ ಕಾರ್ಡಿಗೆ ನಗಬಹುದು ಮಾರಾಯ್ರೆ. ನಗಬಾರದು, ಕಿವಿ ಕಾಣಬೇಕು ಅಂತ ಬರುವಾಗಲೇ ಹೇಳಿದ್ದು ನೀವೇ ಅಲ್ವಾ?’

ನಾನು ತಬ್ಬಿಬ್ಬಾದ ಆ ಗಳಿಗೆಯಲ್ಲೇ ಅವರು ಕ್ಲಿಕ್ಕಿಸಿದರು. ಹಾಗಾಗಿ ಫೋಟೊದಲ್ಲಿ ಸಿಕ್ಕಿಬಿದ್ದವಳ ಹಾಗೆ ಕಾಣುವುದು ಸುಳ್ಳಲ್ಲ. ಕೊಡುವಾಗ ಕವರಿನ ಮೇಲೆ ಏನೂ ಬರೆಯದೆ, ದನಿ ತಗ್ಗಿಸಿ, ‘ಒಳ್ಳೆಯದಾಗಲಿ’ ಎಂದರು. ಅವರ ಗೋಡೆಯಲ್ಲಿ ಗಲ್ಫಿಗೆ ಹೋದ ಎಷ್ಟೋ ಮಂದಿಯ ನಗದ ಮುಖಗಳು ಸಾಲಾಗಿ ಇದ್ದವು. ನೋಡುತ್ತ ನೋಡುತ್ತ ನನಗೆ, ನಗದೆ ಇದ್ದರೆ ಮಾತ್ರ ದೂರ ಹೋಗಲು ಬಿಡುತ್ತಾರೆ ಎಂಬುದು ಎಲ್ಲ ದೇಶಗಳ ಒಂದು ಒಪ್ಪಂದವಿರಬೇಕು ಎನಿಸಿತು.

ಫೋಟೊ ಬೆಳ್ತಂಗಡಿಯಲ್ಲಿ, ಜೆರಾಕ್ಸ್ ಮೂಡುಬಿದಿರೆಯಲ್ಲಿ, ಬಂಟ್ವಾಳದಲ್ಲಿ ಬರೇ ನಿದ್ದೆ. ಅಮ್ಮ ಹಾಕಿಕೊಟ್ಟ ಗುಟ್ಟಿನ ನಕ್ಷೆ ಹೀಗಿತ್ತು. ಮೂಡುಬಿದಿರೆ ನಾನು ಹಾಸ್ಟೆಲಿನಲ್ಲಿದ್ದು ಓದಿದ ಊರು. ಶಿಫಾರಸು ಪತ್ರ ಬರೆದುಕೊಡಬೇಕಾದ ಮೇಷ್ಟ್ರು ಇದ್ದದ್ದೂ ಅಲ್ಲೇ. ಆದರೆ ಅಲ್ಲಿಯ ಬಸ್‌ಸ್ಟ್ಯಾಂಡಿನ ಎದುರಿಗೇ ಸರೋಜ ದೊಡ್ಡಮ್ಮನ ಮನೆ. ಸರೋಜ ದೊಡ್ಡಮ್ಮ ಎಂದರೆ ಅಮ್ಮನ ದೊಡ್ಡಪ್ಪನ ಮಗಳು. ಅವರಿಗೆ ಒಂದು ಸುದ್ದಿ ಸಿಕ್ಕಿದರೆ ಮಧ್ಯಾಹ್ನದ ಊಟದೊಳಗೆ ಕಾರ್ಕಳ ದಾಟುತ್ತದೆ. ಅವರ ಕಣ್ಣು ತಪ್ಪಿಸಲು ನಾನು ಸುಡುಬಿಸಿಲಿನಲ್ಲಿ ಕೊಡೆ ಬಿಡಿಸಿ, ಅದನ್ನು ಮುಖಕ್ಕೆ ಅಡ್ಡ ಹಿಡಿದು ಹೋಗುತ್ತಿದ್ದೆ. ಕೊಡೆ ನಮ್ಮ ಅಂಗಡಿಯದೇ. ಅಪ್ಪ ಹಿಡಿಗೆ ಕಟ್ಟುವ ಕೆಂಪು ದಾರ ಅದಕ್ಕೂ ಇತ್ತು. ಇಡೀ ಜಿಲ್ಲೆಯಲ್ಲಿ ಆ ಕೆಂಪು ದಾರ ನಮ್ಮ ಅಂಗಡಿಯದು ಎಂದು ಗೊತ್ತಿದ್ದವರಲ್ಲಿ ಸರೋಜ ದೊಡ್ಡಮ್ಮನೂ ಒಬ್ಬರು.

‘ಎಂತ ಮಗಾ, ದೂರವಾ?’

‘ಇಲ್ಲೇ ಹೀಗೆ, ದೊಡ್ಡಮ್ಮ.’

ಹಾಗೆ ತಪ್ಪಿಸಿಕೊಂಡ ಒಂದು ಮಧ್ಯಾಹ್ನ, ಬಸ್ಸಿಗೆ ಹೊತ್ತಿದ್ದುದರಿಂದ, ಸಾವಿರ ಕಂಬದ ಬಸದಿಯ ಜಗಲಿಯಲ್ಲಿ ಹೋಗಿ ಕೂತೆ. ಹಾಸ್ಟೆಲಿನ ದಿನಗಳಲ್ಲೂ ಪರೀಕ್ಷೆ ಕೆಟ್ಟರೆ ಅಲ್ಲಿಗೇ ಹೋಗುತ್ತಿದ್ದದ್ದು. ಆ ಕಲ್ಲಿಗೆ ಒಂದು ತಂಪು ಉಂಟು, ಅಂಗೈ ಊರಿದರೆ ನಿದ್ದೆ ಮೆಲ್ಲಗೆ ತೋಳಿನವರೆಗೆ ಏರಿ ಬರುತ್ತದೆ. ಕೆಳಗಿನ ಪಟ್ಟಿಯಲ್ಲಿ ಒಂದು ಜಿರಾಫೆಯ ಕೆತ್ತನೆ ಇದೆ. ನೀವು ನೋಡಿರಬಹುದು. ಕತ್ತು ಉದ್ದ, ಕಾಲು ಕುದುರೆಯದು, ಮುಖ ಸ್ವಲ್ಪ ನಮ್ಮ ಊರಿನ ಆಡಿನದು. ಈ ಊರಿನ ಯಾವ ಕಾಡಿನಲ್ಲೂ ಜಿರಾಫೆ ಇರಲಿಲ್ಲ. ಯಾರೋ ಒಬ್ಬ ವ್ಯಾಪಾರಿ ಕಡಲು ದಾಟಿ ಹೋಗಿ ಬಂದಿರಬೇಕು. ಹೋಗುವಾಗ ಅವನೂ ‘ಇಲ್ಲೇ ಹೀಗೆ’ ಎಂದೇ ಹೋಗಿರಬೇಕು. ಆದರೆ ಬಂದ ಮೇಲೆ ಬಾಯಿ ಬಿಟ್ಟು ಹೇಳಿದ್ದಾನೆ. ಕತ್ತು ಇಷ್ಟುದ್ದ ಮಾರಾಯ, ದೇವರಾಣೆ, ಎಂದು ಕೈ ಎತ್ತಿ ತೋರಿಸಿದ್ದಾನೆ. ಶಿಲ್ಪಿ ಅರ್ಧ ನಂಬಿದ್ದಾನೆ. ಉಳಿದರ್ಧಕ್ಕೆ ಆಡಿನ ಮುಖ ಇಟ್ಟಿದ್ದಾನೆ. ಹೋಗಬೇಕು, ಹೋಗಿ ಬಂದು ಇಲ್ಲೇ ಕೂತು ಯಾರಿಗಾದರೂ ಹೇಳಬೇಕು ಎಂದು ನನಗೆ ಆ ದಿನ ಬಹಳ ಆಸೆಯಾಯಿತು. ಕನಸು ಕಾಣುತ್ತ ಕೂತದ್ದರಲ್ಲಿ ಬಸ್ಸು ತಪ್ಪಿತು.

ಹಾಲೆಂಡೇ ಯಾಕೆ ಎಂದು ನೀವು ಕೇಳಬಹುದು. ಅರ್ಜಿಯಲ್ಲೂ ಅದನ್ನೇ ಕೇಳಿದ್ದರು. ನಮ್ಮದು ಹಗ್ಗ, ಬುಟ್ಟಿ, ಕೊಡೆಗಳ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ, ಹಿತ್ತಿಲ ಹಿಂದೆ ಹೊಳೆ. ಮಳೆಗಾಲದಲ್ಲಿ ನೇತ್ರಾವತಿ ಒಮ್ಮೊಮ್ಮೆ ಪೇಟೆಗೆ ಬರುತ್ತಾಳೆ. ಬಂದಳು ಎಂದರೆ ಬೀದಿಗೆ ಬೀದಿಯೇ ಸಾಮಾನು ಹೊತ್ತು ಮಾಳಿಗೆ ಏರುತ್ತದೆ. ಹಗ್ಗದ ಸುರುಳಿಗಳೆಲ್ಲ ನಾನು ಮಲಗುವ ಕೋಣೆಗೆ ಬರುತ್ತಿದ್ದವು. ಅವುಗಳ ನಡುವೆ ಗೂಡಿನಲ್ಲಿ ಮಲಗಿದ ಹಾಗೆ ಮಲಗಿ, ತೆಂಗಿನ ನಾರಿನ ವಾಸನೆ ಕುಡಿಯುತ್ತ, ಹಲಗೆಯ ಕೆಳಗೆ ನೀರು ಗೋಡೆಗೆ ಮೆತ್ತಗೆ ತಾಗುವುದನ್ನು ಕೇಳುತ್ತಿದ್ದೆ. ಯಾರದೋ ಚಪ್ಪಲಿ, ಯಾರದೋ ಬಕೆಟ್ಟು, ಒಂದು ಸಲ ಒಂದು ಇಡೀ ಬೆಂಚು, ಬೀದಿಯಲ್ಲಿ ತಮ್ಮ ಪಾಡಿಗೆ ತೇಲಿ ಹೋಗುತ್ತಿದ್ದವು. ಕಿಟಕಿಯಿಂದ ಕಿಟಕಿಗೆ ಜನ ಕೂಗುತ್ತಿದ್ದರು: ‘ಎಲ್ಲಿಯವರೆಗೆ ಬಂತು?’ ‘ಮೂರನೇ ಮೆಟ್ಟಿಲು!’ ಹೊಳೆಯನ್ನು ಹಾಗೆ ಕೇಳಬಹುದಿತ್ತು. ಮನುಷ್ಯರನ್ನು ಕೇಳಬಾರದಿತ್ತು. ದೊಡ್ಡವಳಾದ ಮೇಲೆ ತಿಳಿಯಿತು, ದೇಶದ ದೊಡ್ಡ ಪಾಲೇ ನೀರಿನ ಮಟ್ಟಕ್ಕಿಂತ ಕೆಳಗೆ ಮಲಗಿ ನಿದ್ದೆ ಮಾಡುವ ಒಂದು ಜಾಗ ಉಂಟು ಎಂದು. ಅವರು ಹೇಗೆ ಮಲಗುತ್ತಾರೆ ಎಂದು ನೋಡಬೇಕಿತ್ತು, ಅಷ್ಟೇ. ಅರ್ಜಿಯಲ್ಲಿ ಇದನ್ನೇ ಬರೆದೆ. ಮೇಷ್ಟ್ರು ಹಗ್ಗ, ಚಪ್ಪಲಿ, ಬೆಂಚು ಎಲ್ಲ ಹೊಡೆದುಹಾಕಿ ‘ಜಲಸಂಪನ್ಮೂಲ’ ಎಂದು ತಿದ್ದಿದರು. ನಾನು ಮನೆಗೆ ಬಂದು ಎಲ್ಲವನ್ನೂ ವಾಪಸು ಸೇರಿಸಿದೆ.

ಈಗ ಅಪ್ಪನ ವಿಷಯ ಹೇಳಬೇಕು, ಇಲ್ಲದಿದ್ದರೆ ಅಮ್ಮನನ್ನು ನೀವು ಬರೇ ಹುಚ್ಚಿ ಎಂದುಕೊಳ್ಳುತ್ತೀರಿ.

ನಾನು ಹುಟ್ಟುವ ಮೊದಲು ಅಪ್ಪನಿಗೆ ಒಮ್ಮೆ ಗಲ್ಫಿನ ವೀಸಾ ಬಂದಿತ್ತು. ಬೀದಿಗೆಲ್ಲ ಹೇಳಿದರು, ಹೋಳಿಗೆ ಮಾಡಿ ಹಂಚಿದರು, ಹಾರ ಹಾಕಿ ಕಳುಹಿಸಿದರು. ಮುಂಬಯಿಗೆ ಹೋದ ಮೇಲೆ ಆ ವೀಸಾ ಸುಳ್ಳು ಎಂದು ಗೊತ್ತಾಯಿತು. ಏಜೆಂಟನ ಪತ್ತೆಯಿಲ್ಲ. ಹಾರ ಬಾಡುವ ಮೊದಲೇ ಅಪ್ಪ ವಾಪಸು ಬಂದ. ಬಂದವನು ಮಾಳಿಗೆಯಿಂದ ಕೆಳಗಿಳಿಯಲಿಲ್ಲ. ಆ ಮಳೆಗಾಲವಿಡೀ ಬೀದಿಯ ಕಡೆಯ ಕಿಟಕಿ ಮುಚ್ಚಿಯೇ ಇತ್ತಂತೆ. ಯಾರೂ ಏನೂ ಅನ್ನಲಿಲ್ಲ. ಎಲ್ಲರೂ ಪಾಪ ಅಂದರು. ಅದನ್ನೇ ಅಮ್ಮನಿಗೆ ತಡೆಯಲಾಗಲಿಲ್ಲ. ಮುಂದೆ ನಿಜವಾದ ವೀಸಾ ಬಂದು ಅಪ್ಪ ಮಸ್ಕತ್ತಿಗೆ ಹೋದಾಗ ನಾನು ಒಂದನೇ ಕ್ಲಾಸು. ನನಗೂ ಹೇಳಿರಲಿಲ್ಲ, ಮಕ್ಕಳ ಬಾಯಿಯಲ್ಲಿ ಗುಟ್ಟು ನಿಲ್ಲುವುದಿಲ್ಲ ಎಂದು. ಶಾಲೆಯಿಂದ ಬಂದೆ, ಅಪ್ಪನ ಚಪ್ಪಲಿ ಇರಲಿಲ್ಲ. ‘ಅಪ್ಪ ಎಲ್ಲಿಗೆ?’ ಎಂದು ಕೇಳಿದ್ದಕ್ಕೆ ಅಮ್ಮ ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು. ಆ ಅಂಗೈಯ ಈರುಳ್ಳಿ ವಾಸನೆ ನನಗೆ ಈಗಲೂ ನೆನಪಿದೆ. ಕೆಲವು ವರ್ಷ ದುಡಿದು ಅಪ್ಪ ಹಿಂತಿರುಗಿದ, ಅಂಗಡಿಯಲ್ಲಿ ಕೂತ, ಅಲ್ಲಿಂದ ಇಲ್ಲಿಯವರೆಗೆ ಅವನು ಆಡಿದ ಮಾತುಗಳಲ್ಲಿ ಹೆಚ್ಚಿನವು ‘ಆಯ್ತು’ ಎಂಬುದೇ.

ಇಂಥ ಅಮ್ಮ ಗುಟ್ಟು ಕಾಯುತ್ತಿದ್ದಳು. ಕಾಯುತ್ತಿದ್ದಾಳೆ ಎಂದು ನಾನು ನಂಬಿದ್ದೆ. ಕೆಲವು ಸಣ್ಣ ಅನುಮಾನಗಳು ಬರದೆ ಇರಲಿಲ್ಲ. ಎದುರು ಅಂಗಡಿಯ ಟೈಲರ್ ಲೀನಾ ಬಾಯಿ ಒಂದು ದಿನ ನನ್ನ ಕೈಗೆ ಉಣ್ಣೆಯ ಟೋಪಿ ಇಟ್ಟರು. ಬಂಟ್ವಾಳದ ಸೆಕೆಯಲ್ಲಿ ನಾವು ಹೊದಿಕೆಯನ್ನೂ ಹೊದೆಯುವವರಲ್ಲ. ‘ಇದು ಯಾಕೆ ಬಾಯಿ?’ ಎಂದರೆ, ‘ಉಜಿರೆಯಲ್ಲಿ ಬೆಳಿಗ್ಗೆ ಚಳಿ ಅಂತ ಕೇಳಿದೆ ಮಗಾ’ ಎಂದು ಮಿಷನ್ನಿಗೆ ತಲೆ ಬಗ್ಗಿಸಿದರು. ಪಕ್ಕದ ಶರಬತ್ತಿನ ಅಂಗಡಿಯ ಅದ್ದುಚ್ಚ, ನನ್ನನ್ನು ಮಗಳೇ ಎಂಬ ಅರ್ಥದಲ್ಲಿ ಮೋಳೇ ಎಂದು ಕರೆಯುವವರು, ‘ಅಲ್ಲಿ ಒಳ್ಳೆ ಮೀನು ಸಿಗ್ತದಾ ಮೋಳೇ?’ ಎಂದು ಕೇಳಿ, ನಾಲಗೆ ಕಚ್ಚಿಕೊಂಡು, ‘ಉಜಿರೆಯಲ್ಲಿ’ ಎಂದು ಸೇರಿಸಿದರು. ನಾನು ಇದನ್ನೆಲ್ಲ ಊರಿನ ಪ್ರೀತಿ ಎಂದುಕೊಂಡೆ. ಅಷ್ಟು ಓದಿದವಳಿಗೆ ಅಷ್ಟೂ ಹೊಳೆಯಲಿಲ್ಲ.

ವಿದ್ಯಾರ್ಥಿವೇತನದ ಮೊದಲ ಸುತ್ತು ಪಾಸಾಯಿತು. ಎರಡನೆಯದೂ. ಒಂದು ಸಂಜೆ ಉಜಿರೆಯ ಕೋಣೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದಾಗ ಅಮ್ಮನ ಫೋನು ಬಂತು. ದನಿಯಲ್ಲಿ ಗೆದ್ದು ಬಂದವರ ಗತ್ತು.

‘ಇವತ್ತು ಯಾರೋ ಫೋನ್ ಮಾಡಿದ್ದರು ಮಗಾ. ಭಾರೀ ಚಂದದ ಕನ್ನಡ. ನಿಮ್ಮ ಮಗಳು ಹೊರದೇಶಕ್ಕೆ ಓದಲಿಕ್ಕೆ ಹೋಗ್ತಾರಾ ಅಂತ. ನನಗೆ ಗೊತ್ತಾಯ್ತು, ಇದು ಸರೋಜಕ್ಕನದ್ದೇ ಕಿತಾಪತಿ.’

‘ನೀನು ಎಂತ ಹೇಳಿದ್ದು?’

‘ಎಂತ ಹೇಳುವುದು? ಇಲ್ಲ ಮಾರಾಯ್ರೆ, ಯಾರು ಹೇಳಿದ್ದು ನಿಮಗೆ, ನಮ್ಮ ಹುಡುಗಿ ಉಜಿರೆ ಬಿಟ್ಟು ಎಲ್ಲಿಗೂ ಹೋಗುವವಳಲ್ಲ ಅಂದೆ. ಅವರು ಪುನಃ ಪುನಃ ಕೇಳಿದರು. ನಾನು ಬಿಟ್ಟುಕೊಡಲೇ ಇಲ್ಲ.’

ನನ್ನ ಕೈಯ ಕೆಂಪು ಪೆನ್ನು ಯಾವುದೋ ಬಡ ವಿದ್ಯಾರ್ಥಿಯ ಪುಟದ ಮೇಲೆ ಉದ್ದಕ್ಕೆ ಗೆರೆ ಎಳೆಯಿತು. ಆ ಚಂದದ ಕನ್ನಡ ಟ್ರಸ್ಟಿನದು. ಕೊನೆಯ ವಿಚಾರಣೆಗೆ ಮನೆಗೆ ಫೋನ್ ಮಾಡುತ್ತೇವೆ ಎಂದು ಅವರು ಮೊದಲೇ ತಿಳಿಸಿದ್ದರು, ನಾನು ಅಮ್ಮನಿಗೆ ಹೇಳಲು ಮರೆತಿರಲಿಲ್ಲ, ಹೇಳಿದ್ದೆ. ಆದರೆ ಟ್ರಸ್ಟಿನವರು ಎಂದು ಹೇಳಿಕೊಂಡೇ ಸರೋಜಕ್ಕನ ಕಡೆಯವರು ಫೋನ್ ಮಾಡುತ್ತಾರೆ ಎಂಬಷ್ಟು ದೂರ ಅಮ್ಮ ಯೋಚಿಸಿದ್ದಳು.

ಮರುದಿನ ಟ್ರಸ್ಟಿಗೆ ಫೋನ್ ಮಾಡಿದೆ. ಆ ಕಡೆಯ ಹೆಂಗಸು ಸಿಟ್ಟು ಮಾಡಲಿಲ್ಲ, ಅನುಕಂಪ ತೋರಿಸಿದರು. ‘ನೋಡಮ್ಮಾ, ಮನೆಯವರಿಗೆ ಗೊತ್ತಿಲ್ಲದೆ ಅರ್ಜಿ ಹಾಕೋ ಹೆಣ್ಣುಮಕ್ಕಳು ತುಂಬ ಇರ್ತಾರೆ. ಕೊನೆಗೆ ಮನೆಯಲ್ಲಿ ಬಿಡಲ್ಲ, ಸೀಟು ಹಾಳಾಗುತ್ತೆ. ನಮ್ಮವರು ಒಬ್ಬರು ನಿಮ್ಮೂರಿಗೆ ಬಂದು ಅಕ್ಕಪಕ್ಕ ವಿಚಾರಿಸ್ತಾರೆ. ಯಾವ ದಿನ ಅಂತ ಹೇಳೋ ಹಾಗಿಲ್ಲ. ಸರಿಯಾಗಿದ್ರೆ ಸರಿ, ಇಲ್ಲಾಂದ್ರೆ ಮುಂದಿನವರಿಗೆ ಕೊಡ್ತೀವಿ.’

ಅಮ್ಮ ಆ ವಾರವಿಡೀ ಊಟ ಬಿಟ್ಟಳು. ‘ನನ್ನ ಬಾಯಿಗೆ ಬೆಂಕಿ ಬೀಳಲಿ’ ಎಂದು ಅಳುತ್ತಿದ್ದಳು. ನನಗೆ ಬೈಯಲೂ ಆಗಲಿಲ್ಲ, ಸಮಾಧಾನ ಹೇಳಲೂ ಆಗಲಿಲ್ಲ. ಹೇಳಬೇಕೆಂದರೆ ನನಗೂ ಅಳು ಬರುತ್ತಿತ್ತು. ಇಷ್ಟು ದೊಡ್ಡ ಆಸೆಯನ್ನು ನಾನು ಅದುವರೆಗೆ ಪಟ್ಟಿರಲಿಲ್ಲ.

ಒಂದು ಶನಿವಾರ ಬೆಳಿಗ್ಗೆ ತಲೆಗೆ ಸ್ನಾನ ಮಾಡಿ ಮಾಳಿಗೆಯ ಕಿಟಕಿಯಲ್ಲಿ ಕೂದಲು ಒಣಗಿಸುತ್ತ ನಿಂತಿದ್ದೆ. ಬೀದಿಯ ತುದಿಯಿಂದ ಒಬ್ಬರು ಅಪರಿಚಿತರು ಬಂದರು. ಕಪ್ಪು ಶೂ, ಎದೆಗೆ ಅವಚಿಕೊಂಡ ಚೀಲ. ಲೀನಾ ಬಾಯಿಯ ಅಂಗಡಿಯೆದುರು ನಿಂತರು. ನಮ್ಮ ಬೀದಿ ಎಷ್ಟು ಕಿರಿದು ಎಂದರೆ ಒಂದು ಬದಿಯ ಸೀನು ಇನ್ನೊಂದು ಬದಿಗೆ ತಾಗುತ್ತದೆ, ಮಾತೆಲ್ಲ ಕೇಳಿಸಿತು.

‘ಇಲ್ಲಿ ರಕ್ಷಿತಾ ಅಂತ, ಫಾರಿನ್‌ಗೆ ಓದೋಕೆ ಹೋಗ್ತಿರೋ ಹುಡುಗಿ ಮನೆ ಯಾವುದು?’

ಹೊಲಿಗೆಯ ಮಿಷನ್ನು ನಿಂತಿತು. ‘ಫಾರಿನ್ನಾ? ಈ ಬೀದಿಯಿಂದಲಾ? ಇಲ್ಲಪ್ಪ.’

‘ರಕ್ಷಿತಾ ಅಂತ ಯಾರೂ ಇಲ್ವಾ?’

‘ರಕ್ಷಿತಾ ಉಂಟು. ಅವಳು ಉಜಿರೆಗೆ ಹೋಗುವುದು. ಉಜಿರೆ ಫಾರಿನ್ ಅಲ್ಲ.’

ಅವರು ಪಕ್ಕಕ್ಕೆ ಸರಿದು ಅದ್ದುಚ್ಚನನ್ನು ಕೇಳಿದರು. ಅದ್ದುಚ್ಚ ನಿಂಬೆಹಣ್ಣು ಕೆಳಗಿಟ್ಟು ಬಹಳ ಯೋಚನೆ ಮಾಡಿದ ಹಾಗೆ ಆಕಾಶ ನೋಡಿದರು. ‘ಓದುವುದಾ? ಈ ಬೀದಿಯಲ್ಲಿ ಓದುವವರು ಇಲ್ಲ ಸಾರ್. ಎಲ್ಲ ವ್ಯಾಪಾರ.’ ಅದರಾಚೆಗಿನ ಕ್ಷೌರದಂಗಡಿಯಿಂದ, ಕೇಳುವ ಮೊದಲೇ, ಅರ್ಧ ಗಡ್ಡ ಹೆರೆಸಿಕೊಂಡ ಯಾರೋ ಹೊರಗೆ ತಲೆ ಹಾಕಿ ‘ಇಲ್ಲ, ಇಲ್ಲ’ ಎಂದರು.

ನನಗೆ ಮೊದಲು ನಗು ಬಂತು. ಗೊತ್ತಿಲ್ಲದವರು ಹೀಗೆ ಇಲ್ಲ ಅನ್ನುವುದಿಲ್ಲ. ಅಮ್ಮ ಒಬ್ಬೊಬ್ಬರನ್ನೂ ಬದಿಗೆ ಕರೆದು ಹೇಳಿದ್ದಾಳೆ, ಒಬ್ಬೊಬ್ಬರ ಕೈಯಲ್ಲೂ ಆಣೆ ಇಡಿಸಿಕೊಂಡಿದ್ದಾಳೆ! ಟ್ರಸ್ಟಿನವರು ಬರುತ್ತಾರೆ ಎಂದು ಗೊತ್ತಾದ ಮೇಲಾದರೂ ಆಣೆಯಿಂದ ಬಿಡುಗಡೆ ಕೊಡಬೇಡವೇ? ಕೊಡುವುದು ಹೇಗೆ? ಕೊಟ್ಟರೆ ತಾನು ಎಲ್ಲರಿಗೂ ಹೇಳಿದ್ದು ಎಲ್ಲರಿಗೂ ಗೊತ್ತಾಗುತ್ತದೆ. ಆಮೇಲೆ ಅವರು ಚೀಲದಿಂದ ಕಾಗದ ತೆಗೆದು ಏನೋ ಬರೆದುಕೊಳ್ಳುವುದು ಕಂಡಿತು. ಒದ್ದೆ ಕೂದಲಿನಲ್ಲೇ ಏಣಿಮೆಟ್ಟಿಲು ಇಳಿದು ಓಡಿದೆ.

ನಾನು ಬರುವಷ್ಟರಲ್ಲಿ ಅವರು ನಮ್ಮ ಅಂಗಡಿಯೆದುರು ನಿಂತಿದ್ದರು. ಅಮ್ಮ ಮೆಟ್ಟಿಲ ಮೇಲೆ. ಹಿಂದೆ ಅಪ್ಪ ಹಗ್ಗ ಅಳೆಯುತ್ತಿದ್ದ. ಬೀದಿ ತನ್ನ ಕೆಲಸವನ್ನೆಲ್ಲ ನಿಲ್ಲಿಸಿತ್ತು.

‘ಅಮ್ಮಾ, ನೀವು ರಕ್ಷಿತಾ ಅವರ ತಾಯಿಯಾ? ಮಗಳು ಹೊರದೇಶಕ್ಕೆ ಹೋಗೋ ವಿಷಯ ನಿಮಗೆ ಗೊತ್ತಾ? ನಿಮ್ಮ ಒಪ್ಪಿಗೆ ಇದೆಯಾ?’

ಒಳಗೆ ಬನ್ನಿ ಎಂದು ಕರೆದು ಮೆಲ್ಲಗೆ ಹೇಳಬಹುದಿತ್ತು. ಆದರೆ ಅವರ ಕಾಗದದಲ್ಲಿ ಬೀದಿಯ ‘ಇಲ್ಲ’ಗಳೆಲ್ಲ ಆಗಲೇ ಕೂತಾಗಿತ್ತು. ಮೆಲ್ಲಗೆ ಹೇಳಿದರೆ ಯಾರು ನಂಬುತ್ತಾರೆ? ಗಟ್ಟಿಯಾಗಿ ಹೇಳಿದರೆ ಹೇಳಿದ್ದೇ ಆಗುತ್ತದೆ. ವೀಸಾ ಇನ್ನೂ ಬಂದಿಲ್ಲ. ಬರದೇ ಹೋದರೆ ಮತ್ತೆ ಅದೇ ಬೀದಿ, ಅದೇ ಪಾಪ ಅನ್ನುವ ಬಾಯಿಗಳು, ಅದೇ ಮುಚ್ಚಿದ ಕಿಟಕಿ, ಈ ಸಲ ಮಗಳಿಗೆ. ಅಮ್ಮ ನನ್ನನ್ನು ನೋಡಲಿಲ್ಲ. ತಿರುಗಿ ಅಪ್ಪನನ್ನು ನೋಡಿದಳು.

ಅಪ್ಪ ಹಗ್ಗ ಕೆಳಗಿಟ್ಟ. ‘ಹೇಳು,’ ಎಂದ. ಮತ್ತೆ, ‘ಗಟ್ಟಿ ಹೇಳು.’

‘ಗೊತ್ತುಂಟು!’ ಎಂದಳು ಅಮ್ಮ. ಅಷ್ಟು ದೊಡ್ಡ ದನಿ ಅವಳಲ್ಲಿತ್ತು ಎಂದು ನನಗೆ ಗೊತ್ತಿರಲಿಲ್ಲ. ‘ನನ್ನ ಮಗಳು ಹಾಲೆಂಡಿಗೆ ಹೋಗ್ತಾಳೆ. ನೀರಿನ ವಿಷಯ ಓದಲಿಕ್ಕೆ ಹೋಗ್ತಾಳೆ. ಕಳಿಸುವುದು ನಾನೇ. ಫೋನಿನಲ್ಲಿ ಇಲ್ಲ ಅಂತ ಹೇಳಿದ್ದೂ ನಾನೇ. ಇವರೆಲ್ಲ ಇಲ್ಲ ಅಂದದ್ದು ನಾನು ಹೇಳಬೇಡಿ ಅಂದದ್ದಕ್ಕೆ. ಇವರು ಯಾರೂ ಸುಳ್ಳು ಹೇಳುವ ಜನ ಅಲ್ಲ. ಅದನ್ನೂ ಬರೆದುಕೊಳ್ಳಿ.’

ಟ್ರಸ್ಟಿನವರು ಬೀದಿಯನ್ನೊಮ್ಮೆ ಸುತ್ತ ನೋಡಿದರು. ‘ಅಂದ್ರೆ ನಿಮಗೆಲ್ಲ ಗೊತ್ತಿತ್ತಾ?’

ಲೀನಾ ಬಾಯಿ ಕುತ್ತಿಗೆಯ ಟೇಪು ಸರಿಮಾಡಿಕೊಂಡು ಹೌದೆಂದು ತಲೆಯಾಡಿಸಿದರು. ಅರ್ಧ ಗಡ್ಡದವರೂ ಆಡಿಸಿದರು. ಅದ್ದುಚ್ಚ ಒಂದು ಲೋಟ ಶರಬತ್ತು ತಂದು ಅವರ ಕೈಗೆ ಕೊಟ್ಟು, ‘ಒಳ್ಳೆ ಓದುವ ಹುಡುಗಿ ಸಾರ್’ ಎಂದರು. ಆ ಮನುಷ್ಯರು ಶರಬತ್ತು ಪೂರ್ತಿ ಕುಡಿದು, ಬರೆದದ್ದನ್ನೆಲ್ಲ ಹೊಡೆದುಹಾಕಿ, ಹೊಸ ಕಾಗದ ತೆಗೆದರು.

ವಿದ್ಯಾರ್ಥಿವೇತನ ಬಂತು. ಇನ್ನು ವೀಸಾ. ನಾನು ಬೆಂಗಳೂರಿಗೆ ಹೋಗಿ ಬೆಳ್ತಂಗಡಿಯ ಫೋಟೊ, ಮೂಡುಬಿದಿರೆಯ ಜೆರಾಕ್ಸ್, ಪಾಸ್‌ಪೋರ್ಟ್ ಎಲ್ಲ ಕೊಟ್ಟು ಬಂದೆ. ಆಮೇಲಿನದು ಬರೇ ಕಾಯುವುದು. ಗುಟ್ಟು ಒಡೆದ ಮೇಲೆ ಕಾಯುವುದು ಎಷ್ಟು ಕಷ್ಟ ಎಂದು ಅಮ್ಮನಿಗೆ ಮೊದಲೇ ಗೊತ್ತಿತ್ತು, ನನಗೆ ಆಗ ಗೊತ್ತಾಯಿತು. ಹೂವಿನವಳು ಕೇಳುತ್ತಿದ್ದಳು, ಹಾಲಿನವರು ಕೇಳುತ್ತಿದ್ದರು, ಮೂಡುಬಿದಿರೆಯಿಂದ ಸರೋಜ ದೊಡ್ಡಮ್ಮ ದಿನ ಬಿಟ್ಟು ದಿನ ಫೋನ್ ಮಾಡಿ, ‘ನನಗೆ ಮೊದಲೇ ಹೇಳಿದ್ದರೆ ಹರಕೆ ಹೊರುತ್ತಿದ್ದೆ’ ಎಂದು ಗೊಣಗುತ್ತಿದ್ದರು. ಅಮ್ಮ ಒಳಗೊಳಗೇ ನಡುಗುತ್ತಿದ್ದಳು. ಆದರೆ ಬೀದಿಯ ಕಡೆಯ ಕಿಟಕಿಯನ್ನು ಒಂದು ದಿನವೂ ಮುಚ್ಚಲಿಲ್ಲ.

ಅಪ್ಪ ಅದಕ್ಕಿಂತ ಮುಂದೆ ಹೋದ. ಪ್ರತಿದಿನ ಬೆಳಿಗ್ಗೆ ಅದ್ದುಚ್ಚನ ಅಂಗಡಿಯೆದುರು, ಎಲ್ಲರಿಗೂ ಕಾಣುವ ಹಾಗೆ, ಚಹಾದ ಲೋಟ ಹಿಡಿದು ನಿಲ್ಲಲು ಶುರುಮಾಡಿದ. ಒಂದು ದಿನ ಯಾರೋ ಕೇಳಿದರು, ‘ಒಂದು ವೇಳೆ ವೀಸಾ ಬರದಿದ್ದರೆ?’ ನಾನು ಮೇಲೆ ಕಿಟಕಿಯಲ್ಲಿದ್ದೆ. ಅಪ್ಪ ಚಹಾ ಊದಿ ಒಂದು ಗುಟುಕು ಕುಡಿದ. ‘ಬರದಿದ್ದರೆ ಇಲ್ಲೇ ಇರ್ತಾಳೆ. ನಾನು ವಾಪಸು ಬರಲಿಲ್ವಾ ಮುಂಬಯಿಯಿಂದ? ಎಂತ ಆಯ್ತು?’ ಅಪ್ಪ ಆ ಮುಂಬಯಿಯ ಹೆಸರೆತ್ತಿದ್ದನ್ನು ನಾನು ಹುಟ್ಟಿದ ಮೇಲೆ ಕೇಳಿದ್ದು ಅದೇ ಮೊದಲು. ನನಗೆ ಅಲ್ಲೇ ಕಿಟಕಿಯಲ್ಲಿ ಕಣ್ಣು ತುಂಬಿತು. ವೀಸಾ ಬಾರದಿದ್ದರೂ ಇನ್ನು ಪರವಾಗಿಲ್ಲ ಎಂದು ಆ ಬೆಳಿಗ್ಗೆ ಅನಿಸಿತು, ಹಾಗೆ ಅನಿಸಿದ್ದು ಮಧ್ಯಾಹ್ನದವರೆಗೆ ಮಾತ್ರ ಇತ್ತು.

ಬಂತು. ಕೊರಿಯರಿನವರು ಬೀದಿಯ ತುದಿಯಲ್ಲಿ ನಮ್ಮ ವಿಳಾಸ ಕೇಳಿದ್ದಷ್ಟೇ. ಲೀನಾ ಬಾಯಿ ಒಂದು ಕಡೆ, ಅದ್ದುಚ್ಚ ಒಂದು ಕಡೆ, ಹಿಂದಿನಿಂದ ಕತ್ತರಿ ಹಿಡಿದ ಕ್ಷೌರಿಕರು, ಮೆರವಣಿಗೆಯಲ್ಲೇ ಕರೆದುಕೊಂಡು ಬಂದರು. ಪಾಸ್‌ಪೋರ್ಟ್ ಬಿಡಿಸಿದಾಗ ವೀಸಾದ ಪುಟದಲ್ಲಿ ಅದೇ ಫೋಟೊ. ಬೀದಿಯವರೆಲ್ಲ ಬಗ್ಗಿ ನೋಡಿ, ‘ಚೂರು ನಗಬಹುದಿತ್ತು’ ಎಂದರು.

ಹೊರಟ ದಿನ ಸಂಜೆ. ಬೆಂಗಳೂರಿನ ಬಸ್ಸು ಪೇಟೆಗೆ ಬರುವುದಿಲ್ಲ, ಹೆದ್ದಾರಿಯ ಬಿ.ಸಿ. ರೋಡಿನಲ್ಲಿ ಹತ್ತಬೇಕು, ಅಲ್ಲಿಯವರೆಗೆ ಮೂಡುಬಿದಿರೆಯಿಂದ ಬರುವ ನಮ್ಮ ಮಾಮೂಲಿ ಬಸ್ಸು. ಅಪ್ಪ ಸೂಟ್‌ಕೇಸಿಗೆ ಅಂಗಡಿಯ ಒಳ್ಳೆಯ ಹಗ್ಗ ಸುತ್ತಿ, ಅವನಿಗೆ ಮಾತ್ರ ಬಿಚ್ಚಲು ಬರುವ ಗಂಟು ಹಾಕಿದ್ದ. ಬೀದಿ ಪೂರ್ತಿ ಬಾಗಿಲಲ್ಲಿ ನಿಂತಿತ್ತು. ಹೊಳೆಯ ಕಡೆಯಿಂದ ತಂಪು ಗಾಳಿ ಬರುತ್ತಿತ್ತು, ಬೆಳಕು ಹಗ್ಗದ ಬಣ್ಣಕ್ಕೆ ತಿರುಗಿತ್ತು. ಅದ್ದುಚ್ಚ ಮುಖ ಗಂಭೀರ ಮಾಡಿಕೊಂಡು, ‘ದೂರವಾ ಮೋಳೇ?’ ಎಂದರು.

‘ಇಲ್ಲೇ ಹೀಗೆ,’ ಎಂದು ಕೈ ಬೀಸಿದೆ. ಎಲ್ಲರೂ ನಕ್ಕರು. ಲೀನಾ ಬಾಯಿ ನಗುತ್ತಲೇ ಕಣ್ಣೊರೆಸಿಕೊಂಡರು.

ಬಸ್ಸಿಗೆ ಅಮ್ಮನೂ ನನ್ನ ಜೊತೆ ಹತ್ತಿದಳು. ಬಿ.ಸಿ. ರೋಡಿನವರೆಗೆ ಬರುತ್ತೇನೆ ಎಂದಳು. ಕಿಟಕಿಯ ಬದಿ ಕೂತಳು, ಆದರೆ ಹೊರಗೆ ನೋಡಲಿಲ್ಲ. ಮುಷ್ಟಿಯಲ್ಲಿ ಚಿಲ್ಲರೆ ಇರಲಿಲ್ಲ. ಆ ಕೈಯಲ್ಲಿ ನನ್ನ ಕೈ ಇತ್ತು. ಕಂಡಕ್ಟರ್ ಹಿಂದಿನಿಂದ ಒಬ್ಬೊಬ್ಬರನ್ನೇ ಕೇಳುತ್ತ ಬಂದವನು ನಮ್ಮ ಪಕ್ಕ ನಿಂತ.

‘ಎಲ್ಲಿಗೆ?’

ನಾನು ಬಾಯಿ ತೆರೆಯುವ ಮೊದಲೇ ಅಮ್ಮ ತಲೆಯೆತ್ತಿ, ಡ್ರೈವರಿಗೂ ಕೇಳುವ ಹಾಗೆ, ‘ಹಾಲೆಂಡಿಗೆ!’ ಎಂದಳು.

ಬಸ್ಸಿನ ತಲೆಗಳೆಲ್ಲ ಹಿಂದಕ್ಕೆ ತಿರುಗಿದವು. ಕಂಡಕ್ಟರ್ ಒಮ್ಮೆ ಅಮ್ಮನನ್ನು ನೋಡಿದ, ಒಮ್ಮೆ ಹಗ್ಗ ಕಟ್ಟಿದ ಸೂಟ್‌ಕೇಸನ್ನು ನೋಡಿದ.

‘ಇದು ಬಿ.ಸಿ. ರೋಡಿನವರೆಗೆ ಮಾತ್ರ ಅಮ್ಮ.’

‘ಅಲ್ಲಿಯವರೆಗೆ ಕೊಡಿ,’ ಎಂದಳು ಅಮ್ಮ. ‘ಎರಡು.’